ಬಿಳಿ ಸ್ರಾವ: ಸಹಜ ಯಾವುದು, ವೈದ್ಯರಿಗೆ ತೋರಿಸಬೇಕಾದದ್ದು ಯಾವುದು?

‘ಬಿಳಿ ಹೋಗುತ್ತಿದೆ, ಇದು ಕಾಯಿಲೆಯೇ?’ ಎಂಬ ಪ್ರಶ್ನೆಯನ್ನು ಓದುಗರು ಬೇರೆಬೇರೆ ಮಾತುಗಳಲ್ಲಿ ಮತ್ತೆಮತ್ತೆ ಕೇಳುತ್ತಲೇ ಇದ್ದಾರೆ. ಬಿಳಿ ಮುಟ್ಟು, ಬಿಳಿ ಸೆರಗು, ವೈಟ್ ಡಿಸ್ಚಾರ್ಜ್ ಎಂದು ಯಾವ ಹೆಸರಿನಿಂದ ಕರೆದರೂ ಕೇಳುವವರು ಸಾಮಾನ್ಯವಾಗಿ ವಿವರಿಸುವುದು ಬಣ್ಣವೊಂದನ್ನೇ. ಬಣ್ಣವೊಂದನ್ನೇ ನೋಡಿ ಉತ್ತರ ಹೇಳಲು ಬರುವುದಿಲ್ಲ. ಒಬ್ಬರಿಗೆ ಪ್ರತಿ ತಿಂಗಳೂ ಬರುವ ಸಹಜ ಸ್ರಾವವೇ ಇನ್ನೊಬ್ಬರ ದೇಹದಲ್ಲಿ ಹೊಸ ಬದಲಾವಣೆಯಾಗಿರಬಹುದು. ಆದ್ದರಿಂದ ಮೊದಲು ನಿಮ್ಮ ಸಹಜ ಸ್ರಾವ ಯಾವುದೆಂದು ನೀವೇ ಕಂಡುಕೊಳ್ಳಬೇಕು, ಬದಲಾವಣೆಯನ್ನು ಅದಕ್ಕೆ ಹೋಲಿಸಿ ಅಳೆಯಬೇಕು, ಕಾಯಿಲೆಗೆ ಹೆಸರಿಡುವ ಕೆಲಸವನ್ನು ಪರೀಕ್ಷೆಗೆ ಬಿಡಬೇಕು. ಈ ಲೇಖನವನ್ನು ಅದೇ ಕ್ರಮದಲ್ಲಿ ಬರೆಯಲಾಗಿದೆ.

ಇದಕ್ಕೆ ಬೇಕಾದದ್ದು ಹೆಚ್ಚೇನಿಲ್ಲ. ತಿಳಿ ಬಣ್ಣದ ಹತ್ತಿಯ ಒಳಉಡುಪು, ದಿನಾಂಕ ಗುರುತಿಟ್ಟುಕೊಳ್ಳಲು ಒಂದು ಪುಸ್ತಕ ಅಥವಾ ಮೊಬೈಲ್, ಎರಡು ಋತುಚಕ್ರಗಳಷ್ಟು ತಾಳ್ಮೆ ಇದ್ದರೆ ಸಾಕು. ಆದರೆ ಹಂತ 5ರಲ್ಲಿ ಹೇಳಿರುವ ಲಕ್ಷಣಗಳಲ್ಲಿ ಯಾವುದಾದರೂ ಈಗಲೇ ಇದ್ದರೆ ಗುರುತಿಟ್ಟುಕೊಳ್ಳುತ್ತ ಕೂರದೆ ನೇರವಾಗಿ ವೈದ್ಯರ ಬಳಿಗೆ ಹೋಗಿ.

ಹಂತ 1: ಸ್ರಾವ ಎಲ್ಲಿಂದ ಬರುತ್ತದೆ, ಏಕೆ ಬರುತ್ತದೆ ಎಂಬುದನ್ನು ತಿಳಿಯಿರಿ

ಗರ್ಭಕೋಶದ ಕೆಳತುದಿಯಾದ ಗರ್ಭಕಂಠದಲ್ಲಿ ತಯಾರಾಗುವ ಲೋಳೆ, ಯೋನಿಯ ಗೋಡೆಯಿಂದ ಜಿನುಗುವ ನೀರಿನಂಶ, ಉದುರಿದ ಹಳೆಯ ಜೀವಕೋಶಗಳು ಮತ್ತು ಅಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಸೇರಿ ಯೋನಿಸ್ರಾವವಾಗುತ್ತದೆ. ಮುಟ್ಟಾಗುವ ವಯಸ್ಸಿನ ಮಹಿಳೆಯಲ್ಲಿ ದಿನಕ್ಕೆ ಸುಮಾರು 1ರಿಂದ 4 ಮಿಲಿಲೀಟರ್, ಅಂದರೆ ಹೆಚ್ಚೆಂದರೆ ಒಂದು ಸಣ್ಣ ಚಮಚಕ್ಕೆ ತುಸು ಕಡಿಮೆ ಸ್ರಾವವಾಗುವುದು ಸಹಜ. ಅದು ಪಾರದರ್ಶಕವಾಗಿ ಅಥವಾ ಬಿಳಿಯಾಗಿ ಇರುತ್ತದೆ; ವಾಸನೆ ಇರುವುದಿಲ್ಲ, ಇದ್ದರೂ ತೀರಾ ಸೌಮ್ಯವಾಗಿರುತ್ತದೆ.

ಯೋನಿಯಲ್ಲಿರುವ ಸೂಕ್ಷ್ಮಜೀವಿಗಳಲ್ಲಿ ಮುಖ್ಯವಾದದ್ದು ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ. ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ಯೋನಿಯ ಗೋಡೆಯಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ರೂಪ ಸಂಗ್ರಹವಾಗುತ್ತದೆ. ಅದರಿಂದ ಸಿಗುವ ಸಕ್ಕರೆಯನ್ನು ಈ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲವಾಗಿ ಪರಿವರ್ತಿಸುತ್ತವೆ. ಆಮ್ಲೀಯತೆಯನ್ನು ಅಳೆಯುವ ಮಾನಕ್ಕೆ ಪಿಎಚ್ ಎನ್ನುತ್ತಾರೆ; ಅದು ಕಡಿಮೆಯಿದ್ದಷ್ಟೂ ಹುಳಿ ಹೆಚ್ಚು. ಆರೋಗ್ಯವಂತ ಯೋನಿಯ ಪಿಎಚ್ ಸುಮಾರು 3.8ರಿಂದ 4.5ರಷ್ಟಿರುತ್ತದೆ. ಸೋಂಕು ತರುವ ಅನೇಕ ಜೀವಿಗಳು ಈ ಹುಳಿಯಲ್ಲಿ ಬೆಳೆಯಲಾರವು. ಕಡುಬಣ್ಣದ ಒಳಉಡುಪಿನ ಮೇಲೆ ಕಾಲಕ್ರಮೇಣ ಬಣ್ಣಗೆಟ್ಟ ಕಲೆ ಮೂಡುವುದಕ್ಕೂ ಇದೇ ಆಮ್ಲ ಕಾರಣ. ಅದನ್ನು ಕಂಡು ಗಾಬರಿಗೊಂಡವರು ಅನೇಕರಿದ್ದಾರೆ, ಆದರೆ ಅದು ರೋಗದ ಗುರುತಲ್ಲ. ಬಿಳಿ ಸ್ರಾವ ಬಟ್ಟೆಯ ಮೇಲೆ ಒಣಗಿದಾಗ ತಿಳಿ ಹಳದಿಯಾಗಿ ಕಾಣುವುದೂ ಹಾಗೆಯೇ.

ಸ್ರಾವದೊಂದಿಗೆ ದೇಹದ ಶಕ್ತಿ ಸೋರಿಹೋಗುತ್ತದೆ, ಮೂಳೆ ಕರಗಿ ಬರುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಸುಸ್ತು, ಸೊಂಟನೋವು ನಿಜವಾಗಿಯೂ ಇದ್ದರೆ ಅವುಗಳಿಗೆ ರಕ್ತಹೀನತೆ, ಥೈರಾಯ್ಡ್ ತೊಂದರೆಯಂಥ ಬೇರೆ ಕಾರಣಗಳಿರಬಹುದು. ಎಲ್ಲವನ್ನೂ ಬಿಳಿ ಸ್ರಾವದ ತಲೆಗೆ ಕಟ್ಟಿ ಸುಮ್ಮನಾದರೆ ಆ ಕಾರಣಗಳು ಪತ್ತೆಯಾಗದೆ ಉಳಿಯುತ್ತವೆ.

ಹಂತ 2: ಎರಡು ಋತುಚಕ್ರಗಳ ಕಾಲ ಗಮನಿಸಿ ನಿಮ್ಮ ಸಹಜ ಸ್ರಾವವನ್ನು ಗುರುತಿಸಿ

ಮುಟ್ಟಿನ ಮೊದಲ ದಿನವನ್ನು 1ನೇ ದಿನವೆಂದು ಬರೆದುಕೊಂಡು, ಅಲ್ಲಿಂದ ಪ್ರತಿದಿನ ಒಂದೇ ಸಾಲಿನಲ್ಲಿ ಸ್ರಾವದ ಪ್ರಮಾಣ, ಬಣ್ಣ, ಸಾಂದ್ರತೆ, ವಾಸನೆಗಳನ್ನು ಗುರುತಿಸಿಕೊಳ್ಳಿ. ಮುಟ್ಟು ನಿಂತ ಕೂಡಲೇ ಕೆಲವು ದಿನ ಬಹುತೇಕ ಒಣಗಿದಂತೆ ಇರುತ್ತದೆ. ಬಳಿಕ ಸ್ವಲ್ಪ ಅಂಟಂಟಾದ, ಆಮೇಲೆ ಕೆನೆಯಂಥ ಸ್ರಾವ ಕಾಣಿಸಿಕೊಳ್ಳುತ್ತದೆ. ಅಂಡೋತ್ಪತ್ತಿ, ಅಂದರೆ ಅಂಡಾಶಯದಿಂದ ಅಂಡ ಹೊರಬರುವ ಸಮಯ ಹತ್ತಿರವಾದಂತೆ ಅದು ಹಸಿ ಮೊಟ್ಟೆಯ ಬಿಳಿಯ ಭಾಗದಂತೆ ತಿಳಿಯಾಗುತ್ತದೆ, ಜಾರುತ್ತದೆ, ಎರಡು ಬೆರಳುಗಳ ನಡುವೆ ಹಿಡಿದು ಎಳೆದರೆ ಎಳೆಯಾಗಿ ನಿಲ್ಲುತ್ತದೆ. ತಿಂಗಳಲ್ಲಿ ಅತಿ ಹೆಚ್ಚು ಸ್ರಾವವಾಗುವುದು ಈ ದಿನಗಳಲ್ಲಿಯೇ. ಅಂಡೋತ್ಪತ್ತಿಯಾದ ಮೇಲೆ ಪ್ರೊಜೆಸ್ಟೆರಾನ್ ಹಾರ್ಮೋನಿನ ಪ್ರಭಾವದಿಂದ ಲೋಳೆ ಮತ್ತೆ ದಪ್ಪಗಾಗಿ ಕಡಿಮೆಯಾಗುತ್ತದೆ. ಮುಟ್ಟಿನ ಕೊನೆಯಲ್ಲಿ ಒಂದೆರಡು ದಿನ ಕಂದು ಬಣ್ಣ ಕಂಡರೆ ಅದು ಹಳೆಯ ರಕ್ತ.

ಇಲ್ಲಿ ಎಡವುವುದು ‘14ನೇ ದಿನ’ ಎಂಬ ಲೆಕ್ಕದಲ್ಲಿ. ಅಂಡೋತ್ಪತ್ತಿಯಾಗುವುದು ಮುಂದಿನ ಮುಟ್ಟಿಗೆ ಸರಿಸುಮಾರು 14 ದಿನ ಮುಂಚೆ. ಚಕ್ರ 28 ದಿನಗಳದ್ದಾದರೆ ಮಾತ್ರ ಅದು 14ನೇ ದಿನಕ್ಕೆ ಹೊಂದುತ್ತದೆ. 35 ದಿನಗಳ ಚಕ್ರದಲ್ಲಿ ತಿಳಿಯಾದ ಸ್ರಾವ 21ನೇ ದಿನದ ಆಸುಪಾಸಿನಲ್ಲಿ ಬಂದರೆ ಅದರಲ್ಲಿ ತಪ್ಪೇನೂ ಇಲ್ಲ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಏರಿಳಿತ ಸ್ಪಷ್ಟವಾಗಿ ಕಾಣದಿರಬಹುದು. ಲೈಂಗಿಕ ಉದ್ರೇಕದ ವೇಳೆ ಬರುವ ತೇವ ಮತ್ತು ಸಂಭೋಗದ ಮರುದಿನ ಹೊರಬರುವ ವೀರ್ಯ, ಇವೆರಡನ್ನೂ ಸ್ರಾವವೆಂದು ಎಣಿಸಿ ಹೆದರುವವರಿದ್ದಾರೆ. ಅಂಥ ದಿನಗಳಿಗೆ ಒಂದು ಗುರುತು ಹಾಕಿಟ್ಟುಕೊಂಡರೆ ಗೊಂದಲ ತಪ್ಪುತ್ತದೆ.

ಹಂತ 3: ವಯಸ್ಸು ಮತ್ತು ದೇಹಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಹುಟ್ಟಿದ ಮೊದಲ ವಾರಗಳಲ್ಲಿ ಹೆಣ್ಣುಮಗುವಿಗೆ ಬಿಳಿ ಲೋಳೆಯಂಥ ಸ್ರಾವವಾಗಬಹುದು, ಒಂದೆರಡು ಹನಿ ರಕ್ತವೂ ಕಾಣಬಹುದು. ತಾಯಿಯಿಂದ ಬಂದ ಹಾರ್ಮೋನು ಇಳಿಯುವುದರಿಂದ ಹೀಗಾಗುತ್ತದೆ ಮತ್ತು ತಾನಾಗಿಯೇ ನಿಲ್ಲುತ್ತದೆ. ಅಲ್ಲಿಂದ ಪ್ರೌಢಾವಸ್ಥೆಯವರೆಗೆ ಸ್ರಾವ ಇರುವುದಿಲ್ಲವೆಂದೇ ಹೇಳಬಹುದು. ಮೊದಲ ಮುಟ್ಟಿಗೆ ಸುಮಾರು ಆರು ತಿಂಗಳಿಂದ ಒಂದು ವರ್ಷ ಮುಂಚಿನಿಂದ ಹುಡುಗಿಯರಲ್ಲಿ ತಿಳಿ ಅಥವಾ ಬಿಳಿ ಸ್ರಾವ ಆರಂಭವಾಗುವುದು ಸಹಜ. ಇದನ್ನು ಮೊದಲೇ ಹೇಳಿಟ್ಟರೆ ಮಗಳು ಒಬ್ಬಳೇ ಹೆದರಿಕೊಂಡು ಕೂರುವುದು ತಪ್ಪುತ್ತದೆ.

ಗರ್ಭಿಣಿಯರಲ್ಲಿ ತೆಳುವಾದ ಬಿಳಿ ಸ್ರಾವ ಹೆಚ್ಚುತ್ತದೆ, ದಿನ ತುಂಬುತ್ತಿದ್ದಂತೆ ಇನ್ನೂ ಹೆಚ್ಚುತ್ತದೆ. ಹೆರಿಗೆಯ ಸಮಯ ಸಮೀಪಿಸಿದಾಗ ಗರ್ಭಕಂಠವನ್ನು ಮುಚ್ಚಿದ್ದ ದಪ್ಪ ಲೋಳೆ, ಕೆಲವೊಮ್ಮೆ ಸ್ವಲ್ಪ ರಕ್ತದ ಎಳೆಯೊಂದಿಗೆ, ಕಳಚಿ ಬರುತ್ತದೆ. ಆದರೆ ನೀರಿನಂತೆ ತೆಳ್ಳಗಿರುವ ದ್ರವ ಒಮ್ಮೆಲೇ ಸುರಿದರೆ ಅಥವಾ ತಡೆಯಿಲ್ಲದೆ ಜಿನುಗುತ್ತಿದ್ದರೆ ಅದು ಗರ್ಭಜಲವಾಗಿರುವ ಸಾಧ್ಯತೆ ಇದೆ. ಮೂತ್ರವಿರಬಹುದೆಂದು ನೀವೇ ತೀರ್ಮಾನಿಸಬೇಡಿ. ಒಂದು ಪ್ಯಾಡ್ ಇಟ್ಟುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ ಆ ಪ್ಯಾಡನ್ನೇ ತೋರಿಸಿ. ಹೆರಿಗೆಯ ಬಳಿಕ ನಾಲ್ಕರಿಂದ ಆರು ವಾರಗಳವರೆಗೆ ಆಗುವ ಬಾಣಂತಿಯ ಸ್ರಾವ ಮೊದಲು ಕೆಂಪಾಗಿ, ನಂತರ ಕಂದು ಮಿಶ್ರಿತ ಗುಲಾಬಿಯಾಗಿ, ಕೊನೆಗೆ ಹಳದಿ ಬಿಳಿಯಾಗಿ ತಿರುಗುತ್ತದೆ. ಇದರಲ್ಲಿ ದುರ್ವಾಸನೆ ಕಂಡರೆ, ಅದರ ಜೊತೆಗೆ ಜ್ವರವಿದ್ದರಂತೂ, ಗರ್ಭಕೋಶದ ಸೋಂಕನ್ನು ಶಂಕಿಸಬೇಕಾಗುತ್ತದೆ.

ಮುಟ್ಟು ಪೂರ್ತಿಯಾಗಿ ನಿಂತ ಮೇಲೆ ಈಸ್ಟ್ರೋಜನ್ ಇಳಿದು ಯೋನಿಯ ಒಳಪದರ ತೆಳುವಾಗುತ್ತದೆ, ಸ್ರಾವ ಕಡಿಮೆಯಾಗುತ್ತದೆ. ಈ ವಯಸ್ಸಿನಲ್ಲಿ ಉರಿ, ಒಣಗುವಿಕೆ, ಹಳದಿ ಸ್ರಾವ ಕಾಣಿಸಿಕೊಂಡರೆ ಅದಕ್ಕೆ ಸೋಂಕೇ ಕಾರಣವಾಗಬೇಕೆಂದಿಲ್ಲ. ಹಾರ್ಮೋನಿನ ಕೊರತೆಯಿಂದ ಹಾಗಾಗಿದ್ದರೆ ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ.

ಹಂತ 4: ಬದಲಾವಣೆ ಕಂಡಾಗ ಲಕ್ಷಣಗಳನ್ನು ಒಟ್ಟಾಗಿ ನೋಡಿ

ನಿಮ್ಮ ಸಹಜಕ್ಕಿಂತ ಸ್ರಾವ ಬೇರೆಯಾಗಿದೆ ಎನಿಸಿದರೆ ಬಣ್ಣದ ಜೊತೆಗೆ ವಾಸನೆ, ಸಾಂದ್ರತೆ, ತುರಿಕೆ ಅಥವಾ ಉರಿ, ಆರಂಭವಾದ ಸಂದರ್ಭ ಇವನ್ನೂ ಬರೆದುಕೊಳ್ಳಿ. ಸಾಮಾನ್ಯವಾಗಿ ಎದುರಾಗುವ ಕಾರಣಗಳು ಮೂರು.

ಮೊದಲನೆಯದು ಬ್ಯಾಕ್ಟೀರಿಯಲ್ ವಜೈನೋಸಿಸ್. ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾಗಿ, ಗಾರ್ಡ್ನೆರೆಲ್ಲಾ ಮುಂತಾದ ಬೇರೆ ಬ್ಯಾಕ್ಟೀರಿಯಾಗಳು ಮಿತಿಮೀರಿ ಬೆಳೆದಾಗ ಇದು ಉಂಟಾಗುತ್ತದೆ. ಸ್ರಾವ ತೆಳುವಾಗಿ, ಬೂದು ಮಿಶ್ರಿತ ಬಿಳಿಯಾಗಿ ಇರುತ್ತದೆ. ಹಸಿ ಮೀನಿನಂಥ ವಾಸನೆ ಬರುತ್ತದೆ ಮತ್ತು ಸಂಭೋಗದ ನಂತರ ಅದು ಹೆಚ್ಚುತ್ತದೆ. ತುರಿಕೆ ಅಷ್ಟಾಗಿ ಇರುವುದಿಲ್ಲ. ಈ ವಾಸನೆಯನ್ನು ಸ್ವಚ್ಛತೆಯ ಕೊರತೆಯೆಂದು ಭಾವಿಸಿ ಒಳಗೆಲ್ಲ ತೊಳೆಯುವವರು ಉಳಿದ ಲ್ಯಾಕ್ಟೋಬ್ಯಾಸಿಲಸ್ಸನ್ನೂ ಹೊರಹಾಕಿ ತೊಂದರೆಯನ್ನು ಹೆಚ್ಚಿಸಿಕೊಳ್ಳುತ್ತಾರೆ. ಚಿಕಿತ್ಸೆಯಾಗದೆ ಉಳಿದರೆ ಇದು ಲೈಂಗಿಕ ಸೋಂಕುಗಳು ತಗಲುವ ಅಪಾಯವನ್ನೂ, ಗರ್ಭಿಣಿಯರಲ್ಲಿ ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯವನ್ನೂ ಹೆಚ್ಚಿಸುತ್ತದೆ.

ಎರಡನೆಯದು ಕ್ಯಾಂಡಿಡಾ ಎಂಬ ಶಿಲೀಂಧ್ರದ, ಅಂದರೆ ಫಂಗಸ್ಸಿನ ಸೋಂಕು. ಒಡೆದ ಹಾಲಿನ ಗಡ್ಡೆಗಳಂಥ ದಪ್ಪ ಬಿಳಿ ಸ್ರಾವ, ತಡೆಯಲಾರದ ತುರಿಕೆ, ಕೆಂಪಾಗಿ ಊದಿದ ಚರ್ಮ, ಮೂತ್ರ ತಾಗಿದಾಗ ಉರಿ ಇದರ ಲಕ್ಷಣಗಳು. ವಾಸನೆ ಸಾಮಾನ್ಯವಾಗಿ ಇರುವುದಿಲ್ಲ. ನಾಲ್ವರಲ್ಲಿ ಸುಮಾರು ಮೂವರು ಮಹಿಳೆಯರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ಆಂಟಿಬಯಾಟಿಕ್ ಸೇವನೆ, ಹತೋಟಿಯಲ್ಲಿಲ್ಲದ ಮಧುಮೇಹ, ಗರ್ಭಾವಸ್ಥೆ, ಸ್ಟೀರಾಯ್ಡ್ ಔಷಧಗಳು, ರೋಗನಿರೋಧಕ ಶಕ್ತಿಯ ಕುಸಿತ ಇವು ದಾರಿ ಮಾಡಿಕೊಡುತ್ತವೆ. ವರ್ಷದಲ್ಲಿ ಮೂರು ಬಾರಿ ಅಥವಾ ಅದಕ್ಕಿಂತ ಹೆಚ್ಚು ಮರುಕಳಿಸಿದರೆ ರಕ್ತದ ಸಕ್ಕರೆಯ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮಧುಮೇಹಕ್ಕೆ ಕೊಡುವ ಎಸ್‌ಜಿಎಲ್‌ಟಿ2 ಗುಂಪಿನ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದರಿಂದ ಈ ಸೋಂಕನ್ನು ಹೆಚ್ಚಿಸಬಲ್ಲವು. ಅಂಥ ಮಾತ್ರೆ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಮೂರನೆಯದು ಟ್ರೈಕೊಮೊನಾಸ್ ಎಂಬ ಏಕಕೋಶ ಪರಾವಲಂಬಿಯಿಂದ ಬರುವ ಸೋಂಕು. ಇದು ಸಂಭೋಗದಿಂದ ಹರಡುತ್ತದೆ. ಹಳದಿ ಅಥವಾ ಹಸಿರು ಛಾಯೆಯ, ಕೆಲವೊಮ್ಮೆ ನೊರೆನೊರೆಯಾದ ಸ್ರಾವದ ಜೊತೆಗೆ ದುರ್ವಾಸನೆ, ತುರಿಕೆ, ಉರಿಮೂತ್ರ ಇರಬಹುದು. ಏನೂ ಲಕ್ಷಣವಿಲ್ಲದೆಯೂ ಇರಬಹುದು, ಗಂಡಸರಲ್ಲಂತೂ ಬಹುಪಾಲು ಹಾಗೆಯೇ.

ಇವಲ್ಲದೆ ಸಂಭೋಗದಿಂದ ಹರಡುವ ಕ್ಲಮೀಡಿಯಾ ಮತ್ತು ಗೊನೋರಿಯಾ ಸೋಂಕುಗಳು ಗರ್ಭಕಂಠದಲ್ಲಿ ಕೀವಿನಂಥ ಸ್ರಾವವನ್ನೂ ಸಂಭೋಗದ ಬಳಿಕ ರಕ್ತವನ್ನೂ ತರಬಹುದು. ಹೆಚ್ಚಿನ ಮಹಿಳೆಯರಲ್ಲಿ ಇವು ಸದ್ದಿಲ್ಲದೆ ಇರುತ್ತವೆ; ಚಿಕಿತ್ಸೆಯಾಗದಿದ್ದರೆ ಗರ್ಭನಾಳಗಳಿಗೆ ಹಾನಿ ಮಾಡಬಲ್ಲವು, ಬಂಜೆತನಕ್ಕೂ ಗರ್ಭಕೋಶದ ಹೊರಗೆ ಗರ್ಭ ನಿಲ್ಲುವುದಕ್ಕೂ ಕಾರಣವಾಗಬಲ್ಲವು. ಮುಟ್ಟಿನ ರಕ್ತ ಹೀರಲು ಯೋನಿಯೊಳಗಿಡುವ ಟ್ಯಾಂಪೂನ್ ಒಳಗೇ ಮರೆತುಹೋದರೆ ತೀವ್ರ ದುರ್ವಾಸನೆಯ ಸ್ರಾವ ತರುತ್ತದೆ. ಸುಗಂಧದ ಸೋಪು, ಪರಿಮಳದ ಪ್ಯಾಡು, ಹೊಸ ಡಿಟರ್ಜೆಂಟು ಸೋಂಕಿಲ್ಲದೆಯೇ ಚರ್ಮವನ್ನು ಕೆರಳಿಸಬಹುದು.

ಇಷ್ಟು ಓದಿದ ಮೇಲೆ ‘ನನ್ನದು ಎರಡನೆಯದು’ ಎಂದು ನಿರ್ಧರಿಸಿಬಿಡುವ ಆಸೆ ಹುಟ್ಟುವುದು ಸಹಜ. ಅಲ್ಲೇ ತಪ್ಪಾಗುವುದು. ಅಮೆರಿಕದಲ್ಲಿ, ತಮಗೆ ಫಂಗಸ್ ಸೋಂಕಾಗಿದೆಯೆಂದು ತಾವೇ ತೀರ್ಮಾನಿಸಿ ಔಷಧ ಕೊಂಡಿದ್ದ 95 ಮಹಿಳೆಯರನ್ನು ಪರೀಕ್ಷಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅವರಲ್ಲಿ ನಿಜವಾಗಿ ಕ್ಯಾಂಡಿಡಾ ಸೋಂಕಿದ್ದವರು ಸುಮಾರು ಮೂರನೆಯ ಒಂದು ಭಾಗ ಮಾತ್ರ. ಉಳಿದವರಲ್ಲಿ ಅನೇಕರಿಗೆ ಬೇರೆ ಸೋಂಕುಗಳಿದ್ದವು. ಎರಡು ಸೋಂಕುಗಳು ಒಟ್ಟಿಗೆ ಇರುವುದೂ ಉಂಟು. ಮೇಲಿನ ವಿವರಣೆ ಇರುವುದು ವೈದ್ಯರಿಗೆ ಸರಿಯಾಗಿ ಹೇಳಲು ನಿಮಗೆ ನೆರವಾಗಲೆಂದೇ ಹೊರತು ಔಷಧದ ಅಂಗಡಿಯಲ್ಲಿ ಹೆಸರು ಹೇಳಿ ಔಷಧ ಕೊಳ್ಳಲೆಂದಲ್ಲ. ಮನೆಯಲ್ಲೇ ಪಿಎಚ್ ನೋಡುವ ಕಾಗದದ ಪಟ್ಟಿಗಳನ್ನೂ ಪೂರ್ತಿ ನಂಬಬೇಡಿ. ರಕ್ತ ಮತ್ತು ವೀರ್ಯ ಎರಡೂ ಪಿಎಚ್ ಏರಿಸುತ್ತವೆ, ಮುಟ್ಟು ನಿಂತವರಲ್ಲಿ ಅದು ಮೊದಲೇ ಹೆಚ್ಚಿರುತ್ತದೆ.

ಹಂತ 5: ತಡಮಾಡದೆ ಹೋಗಬೇಕಾದ ಸಂದರ್ಭಗಳನ್ನು ನೆನಪಿಡಿ

ಸ್ರಾವದ ಜೊತೆಗೆ ಜ್ವರ, ಕಿಬ್ಬೊಟ್ಟೆಯ ನೋವು, ವಾಂತಿ ಇದ್ದರೆ ಸೋಂಕು ಗರ್ಭಕೋಶ ಮತ್ತು ಗರ್ಭನಾಳಗಳಿಗೆ ಏರಿರಬಹುದು. ಆ ದಿನವೇ ವೈದ್ಯರನ್ನು ನೋಡಬೇಕು. ಗರ್ಭಿಣಿಯಾಗಿದ್ದು ರಕ್ತ ಅಥವಾ ನೀರು ಹೋದರೂ, ಹೆರಿಗೆ, ಗರ್ಭಪಾತ ಅಥವಾ ಕಾಪರ್-ಟಿ ಅಳವಡಿಕೆಯ ನಂತರದ ವಾರಗಳಲ್ಲಿ ದುರ್ವಾಸನೆಯ ಸ್ರಾವವಾದರೂ ಹಾಗೆಯೇ. ಟ್ಯಾಂಪೂನ್ ಬಳಸುವವರಿಗೆ ಏಕಾಏಕಿ ತೀವ್ರ ಜ್ವರ, ತಲೆಸುತ್ತು, ಮೈಮೇಲೆ ಬಿಸಿಲು ತಾಗಿದಂಥ ಕೆಂಪು ಕಂಡರೆ ಅದನ್ನು ತೆಗೆದುಹಾಕಿ ತುರ್ತು ಚಿಕಿತ್ಸೆಗೆ ಹೋಗಬೇಕು.

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದೇ ಒಂದು ಬಾರಿ ರಕ್ತದ ಕಲೆ ಕಂಡರೂ ಪರೀಕ್ಷೆ ಆಗಲೇಬೇಕು. ಯಾವ ವಯಸ್ಸಿನಲ್ಲೇ ಆಗಲಿ, ಸಂಭೋಗದ ನಂತರ ಪದೇಪದೇ ರಕ್ತ ಬರುವುದು, ರಕ್ತಮಿಶ್ರಿತ ನೀರಿನಂಥ ದುರ್ವಾಸನೆಯ ಸ್ರಾವ ನಿಲ್ಲದಿರುವುದು ಗರ್ಭಕಂಠದ ಕ್ಯಾನ್ಸರಿನ ಸೂಚನೆಯಾಗಿರಬಹುದು. ಬಹುಪಾಲು ಪ್ರಕರಣಗಳಲ್ಲಿ ಅದು ಬೇರೆ ಕಾರಣದಿಂದಲೇ ಆಗಿದ್ದರೂ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳುವುದು ಅಗತ್ಯ.

ಮೈನೆರೆಯದ ಹುಡುಗಿಯಲ್ಲಿ ದುರ್ವಾಸನೆಯ ಅಥವಾ ರಕ್ತಮಿಶ್ರಿತ ಸ್ರಾವ ಕಂಡರೆ ಬೈಯುವುದಾಗಲಿ ಮನೆಯಲ್ಲೇ ತೊಳೆದು ನೋಡುವುದಾಗಲಿ ಬೇಡ. ಕಾಗದದ ಚೂರಿನಂಥ ವಸ್ತುವೇನಾದರೂ ಒಳಗೆ ಸೇರಿರಬಹುದು. ಮಗು ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿರುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ. ಸಮಾಧಾನದಿಂದ ಮಾತನಾಡಿಸಿ ವೈದ್ಯರ ಬಳಿಗೆ ಕರೆದೊಯ್ಯಿರಿ.

ಹಂತ 6: ಪರೀಕ್ಷೆಗೆ ಸಿದ್ಧರಾಗಿ

ಪರೀಕ್ಷೆಗೆ ಹಿಂದಿನ ಒಂದು ದಿನವಾದರೂ ಸಂಭೋಗ ಬೇಡ. ಯೋನಿಯೊಳಗೆ ಕ್ರೀಮು, ಮಾತ್ರೆ, ನೀರು ಯಾವುದನ್ನೂ ಹಾಕಬೇಡಿ, ಮಾದರಿಯೇ ತೊಳೆದುಹೋದರೆ ಫಲಿತಾಂಶ ತಪ್ಪಾಗುತ್ತದೆ. ಸಾಧ್ಯವಾದರೆ ಮುಟ್ಟಿಲ್ಲದ ದಿನ ಆರಿಸಿಕೊಳ್ಳಿ, ಆದರೆ ಹಂತ 5ರ ಲಕ್ಷಣವಿದ್ದರೆ ಮುಟ್ಟಿನ ನೆಪದಲ್ಲಿ ಮುಂದೂಡಬೇಡಿ. ಗುರುತಿಟ್ಟ ಪುಸ್ತಕ, ಕೊನೆಯ ಮುಟ್ಟಿನ ದಿನಾಂಕ, ಕಳೆದ ಎರಡು ತಿಂಗಳಲ್ಲಿ ತೆಗೆದುಕೊಂಡ ಎಲ್ಲ ಔಷಧಗಳ ಹೆಸರು ಕೈಯಲ್ಲಿರಲಿ. ಸಂಗಾತಿಯ ಬಗ್ಗೆ ವೈದ್ಯರು ಕೇಳುವ ಪ್ರಶ್ನೆಗಳು ನಿಮ್ಮ ನಡತೆಯ ವಿಚಾರಣೆಯಲ್ಲ. ಯಾವ ಪರೀಕ್ಷೆ ಬೇಕೆಂದು ನಿರ್ಧರಿಸಲು ಅವು ಬೇಕಾಗುತ್ತವೆ. ಜೊತೆಗೆ ಬಂದವರ ಮುಂದೆ ಉತ್ತರಿಸಲು ಮುಜುಗರವಾದರೆ ಒಬ್ಬರೇ ಮಾತನಾಡಬೇಕೆಂದು ಕೇಳಿ.

ವೈದ್ಯರು ಸ್ಪೆಕ್ಯುಲಮ್ ಎಂಬ, ಯೋನಿಯನ್ನು ಮೃದುವಾಗಿ ಅಗಲಿಸುವ ಸಾಧನದಿಂದ ಒಳಗೆ ನೋಡಿ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆಯುತ್ತಾರೆ. ಅದರ ಪಿಎಚ್ ಅಳೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬ್ಯಾಕ್ಟೀರಿಯಲ್ ವಜೈನೋಸಿಸನ್ನು ಗುರುತಿಸಲು 1983ರಿಂದ ಬಳಕೆಯಲ್ಲಿರುವ ಆಮ್ಸೆಲ್ ಮಾನದಂಡದಲ್ಲಿ ನಾಲ್ಕು ಅಂಶಗಳಿವೆ: ತೆಳುವಾದ ಏಕರೂಪದ ಸ್ರಾವ, 4.5ಕ್ಕಿಂತ ಹೆಚ್ಚಿನ ಪಿಎಚ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬೆರೆಸಿದಾಗ ಮೀನಿನ ವಾಸನೆ, ಬ್ಯಾಕ್ಟೀರಿಯಾಗಳು ಅಂಟಿಕೊಂಡು ಅಂಚು ಮಸುಕಾದ ಜೀವಕೋಶಗಳು. ಇವುಗಳಲ್ಲಿ ಮೂರು ಇದ್ದರೆ ರೋಗ ಖಚಿತವಾಗುತ್ತದೆ. ಸಂಭೋಗದ ಅನುಭವವಿಲ್ಲದವರು ಅದನ್ನು ಮೊದಲೇ ಹೇಳಿದರೆ ಸ್ಪೆಕ್ಯುಲಮ್ ಇಲ್ಲದೆಯೂ ಮಾದರಿ ತೆಗೆಯಬಹುದು. ಕ್ಲಮೀಡಿಯಾ, ಗೊನೋರಿಯಾಗಳಿಗೆ ನೀವೇ ತೆಗೆದುಕೊಡುವ ಕಡ್ಡಿಯ ಮಾದರಿ ಅಥವಾ ಮೂತ್ರವೂ ಸಾಕಾಗುತ್ತದೆ. ಸೋಂಕಿನ ಪರೀಕ್ಷೆಯಾಯಿತೆಂದರೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಆಯಿತೆಂದು ತಿಳಿಯಬೇಡಿ. ಗರ್ಭಕಂಠದ ಜೀವಕೋಶಗಳನ್ನು ನೋಡುವ ಪ್ಯಾಪ್ ಸ್ಮಿಯರ್ ಅಥವಾ ಆ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸನ್ನು ಹುಡುಕುವ ಎಚ್‌ಪಿವಿ ಪರೀಕ್ಷೆ ಬೇರೆಯೇ ಆಗಬೇಕು. ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ಮಹಿಳೆಯರಿಗೆ 30ನೇ ವಯಸ್ಸಿನಿಂದ ಎಚ್‌ಪಿವಿ ತಪಾಸಣೆಯನ್ನು ಸೂಚಿಸುತ್ತದೆ.

ಹಂತ 7: ಚಿಕಿತ್ಸೆಯನ್ನು ಪೂರ್ತಿಗೊಳಿಸಿ, ಒಳಗೆ ತೊಳೆಯುವುದನ್ನು ಬಿಡಿ

ಎರಡು ದಿನದಲ್ಲಿ ವಾಸನೆ ಹೋಯಿತೆಂದು ಆಂಟಿಬಯಾಟಿಕ್ ನಿಲ್ಲಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಬರೆದುಕೊಟ್ಟಷ್ಟು ದಿನವೂ ತೆಗೆದುಕೊಳ್ಳಿ. ಯೋನಿಯೊಳಗಿಡುವ ಮಾತ್ರೆಯನ್ನು ಮಲಗುವ ಮುನ್ನ ಇಟ್ಟುಕೊಂಡರೆ ಔಷಧ ಹೊರಗೆ ಸೋರುವುದು ಕಡಿಮೆಯಾಗುತ್ತದೆ. ಎಣ್ಣೆ ಅಂಶವಿರುವ ಕ್ರೀಮುಗಳು ಕಾಂಡೋಮಿನ ಲ್ಯಾಟೆಕ್ಸನ್ನು ದುರ್ಬಲಗೊಳಿಸುತ್ತವೆ, ಆ ದಿನಗಳಲ್ಲಿ ಕಾಂಡೋಮನ್ನು ನೆಚ್ಚಬೇಡಿ. ಗರ್ಭಿಣಿಯರು ಫಂಗಸ್ಸಿಗೆ ನುಂಗುವ ಫ್ಲುಕೊನಜೋಲ್ ಮಾತ್ರೆಯನ್ನು ತಾವಾಗಿ ತೆಗೆದುಕೊಳ್ಳಬಾರದು. ಅವರಿಗೆ ಯೋನಿಯೊಳಗಿಡುವ ಔಷಧವನ್ನೇ ವೈದ್ಯರು ಆರಿಸುತ್ತಾರೆ.

ಟ್ರೈಕೊಮೊನಾಸ್, ಕ್ಲಮೀಡಿಯಾ, ಗೊನೋರಿಯಾ ಇದ್ದಲ್ಲಿ ಸಂಗಾತಿಗೂ ಚಿಕಿತ್ಸೆಯಾಗಬೇಕು, ಇಬ್ಬರ ಚಿಕಿತ್ಸೆಯೂ ಮುಗಿದು ವೈದ್ಯರು ಹೇಳುವವರೆಗೆ ಸಂಭೋಗ ಬೇಡ. ಹಾಗೆ ಮಾಡದಿದ್ದರೆ ಸೋಂಕು ಇಬ್ಬರ ನಡುವೆ ಚೆಂಡಿನಂತೆ ಹೋಗಿ ಬರುತ್ತಿರುತ್ತದೆ. ಈ ಮೂರೂ ಸೋಂಕುಗಳಿಗೆ ಸುಮಾರು ಮೂರು ತಿಂಗಳ ನಂತರ ಮರುಪರೀಕ್ಷೆ ಮಾಡಿಸಬೇಕಾಗುತ್ತದೆ. ಬ್ಯಾಕ್ಟೀರಿಯಲ್ ವಜೈನೋಸಿಸ್ ಇದ್ದಾಗ ಗಂಡಿಗೆ ಚಿಕಿತ್ಸೆ ಬೇಕಿಲ್ಲವೆಂದು ಬಹುಕಾಲ ನಂಬಲಾಗಿತ್ತು. ಆದರೆ ಆಸ್ಟ್ರೇಲಿಯಾದಲ್ಲಿ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಂಗಾತಿಗೂ ಚಿಕಿತ್ಸೆ ಕೊಟ್ಟ ಗುಂಪಿನ ಶೇಕಡಾ 35ರಷ್ಟು ಮಹಿಳೆಯರಲ್ಲಿ ಮಾತ್ರ 12 ವಾರಗಳೊಳಗೆ ಅದು ಮರಳಿತು. ಮಹಿಳೆಗಷ್ಟೇ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಆ ಪ್ರಮಾಣ ಶೇಕಡಾ 63ರಷ್ಟಿತ್ತು. ನಿಮಗೆ ಇದು ಮತ್ತೆಮತ್ತೆ ಬರುತ್ತಿದ್ದರೆ ಈ ವಿಷಯವನ್ನು ವೈದ್ಯರ ಬಳಿ ಎತ್ತಿ.

ಚಿಕಿತ್ಸೆಯ ಕಾಲದಲ್ಲೂ ಆಮೇಲೂ ಹೊರಭಾಗವನ್ನು ಬರೀ ನೀರಿನಿಂದ ತೊಳೆದರೆ ಸಾಕು. ಒಳಗೆ ನೀರು ಚಿಮ್ಮಿಸುವುದು, ಬೆರಳಿನಿಂದ ಉಜ್ಜುವುದು, ಸೋಪು, ಡೆಟಾಲ್, ವಿನೆಗರ್ ಹಾಕುವುದು ಯಾವುದೂ ಬೇಡ. ಮಲವಿಸರ್ಜನೆಯ ನಂತರ ಮುಂದಿನಿಂದ ಹಿಂದಕ್ಕೆ ತೊಳೆಯಿರಿ, ಒದ್ದೆ ಬಟ್ಟೆಯನ್ನು ಬೇಗ ಬದಲಾಯಿಸಿ. ಔಷಧ ಮುಗಿದು ಒಂದು ವಾರವಾದರೂ ಲಕ್ಷಣ ಉಳಿದಿದ್ದರೆ ಅದೇ ಚೀಟಿ ತೋರಿಸಿ ಅದೇ ಔಷಧವನ್ನು ಮತ್ತೆ ಕೊಳ್ಳಬೇಡಿ. ಬಾಕಿ ಉಳಿದ ಲಕ್ಷಣಗಳನ್ನು ಅದೇ ಪುಸ್ತಕದಲ್ಲಿ ಗುರುತಿಸಿಕೊಂಡು, ಹೊಸದಾಗಿ ಮಾದರಿ ಕೊಡಲು ಹೋಗಿ.